ಹಿರಿಯರು ಮತ್ತು ವಿಕಲಚೇತನರ ಬಸ್ಸು, ರೈಲು ಪ್ರಯಾಣ: ದಾವಣಗೆರೆ–ಚಿತ್ರದುರ್ಗ ಭಾಗದವರಿಗೆ ಒಂದು ಮಾರ್ಗದರ್ಶಿ

ಜಗಳೂರಿನಿಂದ ತಿಂಗಳಿಗೊಮ್ಮೆ ದಾವಣಗೆರೆಯ ಆಸ್ಪತ್ರೆಗೆ ಬರುವ ಅಪ್ಪನಿಗೆ ಅರವತ್ತೆಂಟು ವರ್ಷ, ಮಂಡಿನೋವು. ಬಸ್ಸಿನಲ್ಲಿ ಏನಾದರೂ ರಿಯಾಯಿತಿ ಇದೆಯೇ? ತಮ್ಮನಿಗೆ ವಿಕಲಚೇತನರ ಕಾರ್ಡ್ ಸಿಕ್ಕಿದೆ, ಅದನ್ನೇ ರೈಲಿನಲ್ಲೂ ತೋರಿಸಿದರೆ ಆಗುತ್ತದೆಯೇ? ಅಜ್ಜಿಗೆ ಕೆಳಗಿನ ಬರ್ತ್ ಬೇಕೆಂದು ಕೇಳಿದರೂ ಮೇಲಿನದು ಬಂತು, ಏಕೆ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಹೊರಡುವ ಮೊದಲಿನ ಕಾಗದಪತ್ರದಿಂದ ಹಿಡಿದು ಊರು ಸೇರಿ ಕೆಳಗಿಳಿಯುವವರೆಗೆ ಏನೇನು ನೋಡಿಕೊಳ್ಳಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಸೌಲಭ್ಯವೇ ಸಿಗದೆ ಹೋದವರಿಗಿಂತ, ಇರುವ ಸೌಲಭ್ಯವನ್ನು ಅದು ಅನ್ವಯಿಸದ ವಾಹನದಲ್ಲಿ ಕೇಳಿ, ನಾಲ್ಕು ಜನರ ಎದುರು ಮಾತು ಕೇಳಿಸಿಕೊಂಡವರೇ ನನಗೆ ಹೆಚ್ಚು ಸಿಕ್ಕಿದ್ದಾರೆ. ಆಧಾರ್ ತೋರಿಸಿದರೆ ಸಾಕಾಗುವ ಕಡೆ ಪಾಸು ಬೇಕಿಲ್ಲ. ಪಾಸು ನಡೆಯುವ ಬಸ್ಸು ಬೇರೆ. ರೈಲಿಗೆ ಬೇಕಾದ ಕಾರ್ಡೇ ಬೇರೆ. ಯಾವ ಚೀಟಿ ಯಾವ ವಾಹನಕ್ಕೆ ಎಂಬುದನ್ನು ಮನೆಯಲ್ಲೇ ಕೂತು ತಿಳಿದುಕೊಂಡರೆ ದಾರಿಯ ಕಷ್ಟ ಬಹಳಷ್ಟು ಕಡಿಮೆಯಾಗುತ್ತದೆ.

1. ಗುರುತಿನ ಚೀಟಿಗಳನ್ನು ಸರಿಮಾಡಿಕೊಳ್ಳಿ

ಹಿರಿಯ ನಾಗರಿಕರಿಗೆ ಬೇಕಾಗಿರುವುದು ವಯಸ್ಸು ಮತ್ತು ಕರ್ನಾಟಕದ ವಿಳಾಸ ಎರಡನ್ನೂ ತೋರಿಸುವ, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿ. ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ ಇವುಗಳಲ್ಲಿ ಯಾವುದಾದರೂ ಆದೀತು. ಆಧಾರಿನಲ್ಲಿ ಜನ್ಮ ದಿನಾಂಕ ತಪ್ಪಾಗಿ ನಮೂದಾಗಿರುವುದು ನಮ್ಮ ಹಳ್ಳಿಗಳ ಹಿರಿಯರಲ್ಲಿ ತೀರಾ ಸಾಮಾನ್ಯ. ಕಣ್ಣಿಗೆ ಎಪ್ಪತ್ತು ಕಾಣುವ ಅಜ್ಜನ ಕಾರ್ಡಿನಲ್ಲಿ ಐವತ್ತೆಂಟು ಎಂದಿದ್ದರೆ ಕಂಡಕ್ಟರ್ ಕಾರ್ಡನ್ನೇ ನಂಬಬೇಕಾಗುತ್ತದೆ. ಅವರನ್ನು ದೂರಿ ಫಲವಿಲ್ಲ. ಇಂಥ ತಪ್ಪಿದ್ದರೆ ಪ್ರಯಾಣದ ಮಾತು ಬರುವ ಮೊದಲೇ ಆಧಾರ್ ಕೇಂದ್ರದಲ್ಲಿ ತಿದ್ದುಪಡಿ ಮಾಡಿಸಿ.

ವಿಕಲಚೇತನರಿಗೆ ಮೂಲ ದಾಖಲೆಯೆಂದರೆ ಯುಡಿಐಡಿ ಕಾರ್ಡು, ಅಂದರೆ ದೇಶದಾದ್ಯಂತ ಮಾನ್ಯವಾಗುವ, ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆಯಿರುವ ವಿಕಲಚೇತನರ ಗುರುತಿನ ಚೀಟಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹಿಂದಿನ ಕಾನೂನಿನಲ್ಲಿದ್ದುದು ಏಳು ಬಗೆ ಮಾತ್ರ. ಆದ್ದರಿಂದ ಪಾರ್ಕಿನ್ಸನ್ ಕಾಯಿಲೆ, ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯಂಥವು ಇರುವವರೂ ಅರ್ಜಿ ಹಾಕಬಹುದು. ಕಾರ್ಡಿನ ಬಣ್ಣವೇ ವೈಕಲ್ಯದ ಪ್ರಮಾಣವನ್ನು ಹೇಳುತ್ತದೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಶೇ 40ರಿಂದ 80ರೊಳಗೆ ಇದ್ದರೆ ಹಳದಿ, ಶೇ 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಬಹುತೇಕ ಸೌಲಭ್ಯಗಳು ಶೇ 40ರಿಂದ ಆರಂಭವಾಗುತ್ತವೆ.

ಅರ್ಜಿಯನ್ನು ಸ್ವಾವಲಂಬನ್ ಎಂಬ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಹಾಕಬೇಕು. ಬಳಿಕ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ತಪಾಸಣೆ ಇರುತ್ತದೆ. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಮೊಬೈಲಿನಲ್ಲಿ ಅರ್ಜಿ ಹಾಕಲು ಬಾರದವರು ಸೈಬರ್ ಅಂಗಡಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಯಾರೆಂದು ಕೇಳಿ. ವಿಆರ್‌ಡಬ್ಲ್ಯು ಎಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಬಹುಮಟ್ಟಿಗೆ ಅವರೂ ವಿಕಲಚೇತನರೇ ಆಗಿರುವುದರಿಂದ ಈ ಓಡಾಟದ ಕಷ್ಟ ಅವರಿಗೆ ಸ್ವಂತ ಅನುಭವದಿಂದ ಗೊತ್ತಿರುತ್ತದೆ. ಇದೇ ಬಗೆಯ ಕೆಲಸಕ್ಕೆ ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು ಎಂಬ ಕಾರ್ಯಕರ್ತರು ಇರುತ್ತಾರೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವವರು ಇವರೇ; ಆದರೆ ಇಂಥವರೊಬ್ಬರು ಇದ್ದಾರೆಂಬುದೇ ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಆಧಾರಿನಲ್ಲಿ ಇರುವ ಹೆಸರೇ ಯುಡಿಐಡಿಯಲ್ಲೂ ಅಕ್ಷರಶಃ ಇರಬೇಕು. ಒಂದರಲ್ಲಿ ಬಸಮ್ಮ, ಇನ್ನೊಂದರಲ್ಲಿ ಬಸವ್ವ ಎಂದಿದ್ದರೆ ಮುಂದಿನ ಪ್ರತಿ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಹಾಗೆಯೇ ಕೆಲವರ ವೈಕಲ್ಯ ಪ್ರಮಾಣಪತ್ರ ತಾತ್ಕಾಲಿಕವಾಗಿದ್ದು, ಅದರ ಮೇಲೆ ಮುಕ್ತಾಯದ ದಿನಾಂಕ ಇರುತ್ತದೆ. ಆ ದಿನಾಂಕಕ್ಕೆ ಎರಡು ಮೂರು ತಿಂಗಳು ಮೊದಲೇ ಮರು ತಪಾಸಣೆಗೆ ಹೋಗಿ.

2. ನಿಮಗೆ ಯಾವ ಸೌಲಭ್ಯ ಲಾಭಕರ ಎಂದು ಲೆಕ್ಕ ಹಾಕಿ

ನೀವು ಮಹಿಳೆಯಾಗಿದ್ದು ಕರ್ನಾಟಕದ ನಿವಾಸಿಯಾಗಿದ್ದರೆ, ವಯಸ್ಸು ಎಷ್ಟೇ ಇರಲಿ, ವೈಕಲ್ಯ ಇರಲಿ ಬಿಡಲಿ, ಮೊದಲು ನೋಡಬೇಕಾದದ್ದು ಶಕ್ತಿ ಯೋಜನೆಯನ್ನು. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಡಿ ನಗರ, ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೇ ಹೋದರೂ ಟಿಕೆಟ್ ದರವಿಲ್ಲ. ವಿಕಲಚೇತನ ಮಹಿಳೆಗೆ ಜೊತೆಗಾರರಾಗಿ ಬರುವವರು ಅಕ್ಕನೋ ಮಗಳೋ ಆಗಿದ್ದರೆ ಅವರಿಗೂ ದರವಿಲ್ಲ. ರಾಜಹಂಸ, ಐರಾವತ, ಅಂಬಾರಿ, ಪಲ್ಲಕ್ಕಿಯಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ರಾಜ್ಯದ ಗಡಿ ದಾಟುವ ಬಸ್ಸುಗಳಿಗೂ ಇಲ್ಲ. ಮೊಳಕಾಲ್ಮುರು, ಚಳ್ಳಕೆರೆ ಕಡೆಯಿಂದ ಆಂಧ್ರದ ರಾಯದುರ್ಗ, ಕಲ್ಯಾಣದುರ್ಗಕ್ಕೆ ನೆಂಟರ ಮನೆಗೆ ಹೋಗುವವರು ಇದನ್ನು ನೆನಪಿಡಬೇಕು. ದರವಿಲ್ಲವೆಂದ ಮಾತ್ರಕ್ಕೆ ಟಿಕೆಟ್ ಬೇಡವೆಂದಲ್ಲ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟನ್ನು ಇಳಿಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಿ. ತಪಾಸಣೆಗೆ ಬಂದವರು ಕೇಳುವುದು ಅದನ್ನೇ.

60 ವರ್ಷ ತುಂಬಿದ ಪುರುಷರಿಗೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಪ್ರಯಾಣ ದರದ ಶೇ 25ರಷ್ಟು ರಿಯಾಯಿತಿ ಇದೆ. ಇದಕ್ಕೆ ಪ್ರತ್ಯೇಕ ಪಾಸು ಮಾಡಿಸಬೇಕಿಲ್ಲ, ಗುರುತಿನ ಚೀಟಿ ಸಾಕು. ತಪ್ಪುವುದು ಒಂದೇ ಕಡೆ: ಯಂತ್ರದಿಂದ ಪೂರ್ತಿ ದರದ ಟಿಕೆಟ್ ಹೊರಬಂದ ಮೇಲೆ ರಿಯಾಯಿತಿ ಕೇಳುವುದು. ಹಿರಿಯ ನಾಗರಿಕರ ಟಿಕೆಟನ್ನು ಯಂತ್ರದಲ್ಲಿ ಬೇರೆಯಾಗಿಯೇ ಒತ್ತಬೇಕಾಗುವುದರಿಂದ, ಊರಿನ ಹೆಸರು ಹೇಳುವ ಮೊದಲೇ ಕಾರ್ಡನ್ನು ಕೈಯಲ್ಲಿ ಹಿಡಿದು 'ಹಿರಿಯ ನಾಗರಿಕರು' ಎಂದು ಹೇಳಿ. ಮುಂಗಡ ಕಾಯ್ದಿರಿಸುವಾಗಲೂ ಅದೇ ವಿಭಾಗವನ್ನು ಆರಿಸಿ, ಅಲ್ಲಿ ನಮೂದಿಸಿದ ಅದೇ ಗುರುತಿನ ಚೀಟಿಯನ್ನು ಪ್ರಯಾಣದ ದಿನ ತನ್ನಿ.

ವಿಕಲಚೇತನ ಪುರುಷರಿಗೆ, ಅದರಲ್ಲೂ ಕೆಲಸಕ್ಕೋ ಓದಿಗೋ ಚಿಕಿತ್ಸೆಗೋ ಪದೇ ಪದೇ ಓಡಾಡುವವರಿಗೆ, ವಾರ್ಷಿಕ ರಿಯಾಯಿತಿ ಪಾಸು ನಿಜಕ್ಕೂ ದೊಡ್ಡ ಆಸರೆ. ಇತ್ತೀಚಿನ ವರ್ಷಗಳಲ್ಲಿ ಇದರ ದರ ವರ್ಷಕ್ಕೆ 660 ರೂಪಾಯಿ. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹಳ್ಳಿಯವರಿಗೆ ಗ್ರಾಮ ಒನ್, ದಾವಣಗೆರೆ ನಗರದವರಿಗೆ ಕರ್ನಾಟಕ ಒನ್ ಕೇಂದ್ರಗಳಲ್ಲಿ ಸಹಾಯ ಸಿಗುತ್ತದೆ. ದೃಷ್ಟಿಹೀನರಿಗೆ ಉಚಿತ ಪಾಸು ಇದೆ.

ಈ ಪಾಸಿನ ವಿಷಯದಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ದೂರ: ರಿಯಾಯಿತಿ ಪಾಸು ನಿಮ್ಮ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯೊಳಗೆ ಮಾತ್ರ ನಡೆಯುತ್ತದೆ. ದಾವಣಗೆರೆಯವರಿಗೆ ಹರಿಹರ, ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗ ಈ ಮಿತಿಯೊಳಗೆ ಬರುತ್ತವೆ. ಹುಬ್ಬಳ್ಳಿ, ಬೆಂಗಳೂರು ಬರುವುದಿಲ್ಲ. ಚಿತ್ರದುರ್ಗದವರಿಗೆ ಹಿರಿಯೂರು, ಚಳ್ಳಕೆರೆ, ಹೊಸದುರ್ಗ ಒಳಗೆ, ಬಳ್ಳಾರಿ ಹೊರಗೆ. ಎರಡನೆಯದು ಅವಧಿ: ನೀವು ಯಾವ ತಿಂಗಳಲ್ಲಿ ಪಾಸು ಪಡೆದರೂ ಅದರ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ. ಹಳೆಯ ಪಾಸನ್ನು ಸಾಮಾನ್ಯವಾಗಿ ಫೆಬ್ರುವರಿ ಕೊನೆಯವರೆಗೆ ಮಾನ್ಯ ಮಾಡಿ, ಆ ಎರಡು ತಿಂಗಳಲ್ಲಿ ನವೀಕರಣಕ್ಕೆ ಅವಕಾಶ ಕೊಡುತ್ತಾರೆ. ಫೆಬ್ರುವರಿಯ ಕೊನೆಯ ವಾರದ ನೂಕುನುಗ್ಗಲಿಗೆ ಕಾಯದೆ ಜನವರಿಯಲ್ಲೇ ಅರ್ಜಿ ಹಾಕಿ.

3. ಬಸ್ಸು ಸರ್ಕಾರಿಯೋ ಖಾಸಗಿಯೋ ಎಂದು ಗುರುತಿಸಿ

ನಮ್ಮ ಎರಡೂ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳ ಓಡಾಟ ಹೆಚ್ಚು. ಎಷ್ಟೋ ಹಳ್ಳಿಗಳಿಗೆ ಅವೇ ಗತಿ. ಶಕ್ತಿ ಯೋಜನೆಯಾಗಲಿ, ನಿಗಮದ ಪಾಸಾಗಲಿ, ಶೇ 25ರ ರಿಯಾಯಿತಿಯಾಗಲಿ ಅವುಗಳಲ್ಲಿ ನಡೆಯುವುದಿಲ್ಲ. ದಾವಣಗೆರೆಯಲ್ಲಿ ಖಾಸಗಿ ಬಸ್ ನಿಲ್ದಾಣ ಬೇರೆಯೇ ಇರುವುದರಿಂದ ಊರೊಳಗೆ ಗೊಂದಲ ಕಡಿಮೆ. ಗೊಂದಲವಾಗುವುದು ದಾರಿಬದಿಯ ನಿಲುಗಡೆಗಳಲ್ಲಿ. ಕಣ್ಣು ಮಂಜಾದವರಿಗೆ ಬಸ್ಸಿನ ಬಣ್ಣವೊಂದನ್ನೇ ನಂಬುವುದು ಕಷ್ಟ. ಇದಕ್ಕೊಂದು ಸುಲಭದ ಗುರುತಿದೆ: ಸಾರಿಗೆ ನಿಗಮದ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ಜಿಲ್ಲೆಯ ಅಂಕಿಯ ನಂತರ 'ಎಫ್' ಅಕ್ಷರವಿರುತ್ತದೆ. ಕೆಎ 17 ಎಫ್ ಎಂದಿದ್ದರೆ ಅದು ದಾವಣಗೆರೆಯಲ್ಲಿ ನೋಂದಣಿಯಾದ ನಿಗಮದ ಬಸ್ಸು. ಚಿತ್ರದುರ್ಗಕ್ಕೆ ಅಂಕಿ 16. ಮೊಮ್ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದರೆ, ಬಸ್ಸು ದೂರದಲ್ಲಿರುವಾಗಲೇ ಓದಿ ಹೇಳುತ್ತಾರೆ.

ಎಲ್ಲಿ ಇಳಿಸುತ್ತಾರೆ ಎಂಬುದನ್ನೂ ಹತ್ತುವ ಮೊದಲೇ ಕೇಳಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ ಮತ್ತು ದಾವಣಗೆರೆ ಎರಡನ್ನೂ ಬಳಸಿಕೊಂಡು ಹೋಗುತ್ತದೆ. ಬೆಂಗಳೂರು, ಹುಬ್ಬಳ್ಳಿ ನಡುವೆ ಓಡುವ ಕೆಲವು ದೂರದ ಬಸ್ಸುಗಳು ಊರೊಳಗೆ ಬರದೆ ಬೈಪಾಸಿನಲ್ಲೇ ಇಳಿಸಿ ಮುಂದೆ ಹೋಗುತ್ತವೆ. ರಾತ್ರಿ ಎರಡು ಗಂಟೆಗೆ, ಕೈಯಲ್ಲಿ ಊರುಗೋಲು ಹಿಡಿದವರನ್ನು ಲಾರಿಗಳ ನಡುವೆ ಇಳಿಸಿ ಹೋದರೆ ಆಟೋ ಸಿಗುವವರೆಗೆ ಕೂರಲು ಒಂದು ಕಲ್ಲೂ ಅಲ್ಲಿರುವುದಿಲ್ಲ. 'ಸ್ಟ್ಯಾಂಡಿನೊಳಗೆ ಹೋಗ್ತೀರಾ, ಬೈಪಾಸಿಗೆ ಇಳಿಸ್ತೀರಾ?' ಎಂಬ ಪ್ರಶ್ನೆಯನ್ನು ಟಿಕೆಟ್ ತೆಗೆಯುವ ಮೊದಲು ಕೇಳಿ. ಬೈಪಾಸ್ ಎಂದರೆ, ಸಾಧ್ಯವಿದ್ದಷ್ಟೂ ಬೇರೆ ಬಸ್ಸಿಗೆ ಕಾಯುವುದೇ ಒಳ್ಳೆಯದು.

4. ಹಿಂದಿನ ದಿನದ ತಯಾರಿ

ಬೆಳಗಿನ ಎಂಟರಿಂದ ಹತ್ತು, ಸಂಜೆಯ ನಾಲ್ಕರಿಂದ ಆರೂವರೆ ಶಾಲೆ, ಕಾಲೇಜು, ಕಚೇರಿಯವರ ಹೊತ್ತು. ಆಸ್ಪತ್ರೆಯ ಹೊರರೋಗಿ ಚೀಟಿಗಾಗಿ ಬೇಗ ಹೊರಡಲೇಬೇಕಾದವರು ಏಳಕ್ಕೆ ಮೊದಲಿನ ಬಸ್ಸು ಹಿಡಿಯುವುದು ಉತ್ತಮ. ಉಳಿದವರು ಹತ್ತೂವರೆಯ ನಂತರ ಹೊರಡಿ. ಬಸ್ಸು ಹೊರಡುವ ಮೂಲ ನಿಲ್ದಾಣಕ್ಕೆ ಸ್ವಲ್ಪ ಹಿಂದಕ್ಕೆ ಹೋಗಿಯಾದರೂ ಅಲ್ಲಿಂದಲೇ ಹತ್ತುವುದರಲ್ಲಿ ಲಾಭವಿದೆ: ಬಸ್ಸು ನಿಂತಿರುತ್ತದೆ, ಸೀಟು ಖಾಲಿಯಿರುತ್ತದೆ, ಯಾರೂ ಅವಸರಪಡಿಸುವುದಿಲ್ಲ.

ಚೀಲ ಒಂದೇ ಇರಲಿ, ಅದೂ ಹೆಗಲಿಗೆ ಅಥವಾ ಬೆನ್ನಿಗೆ ಹಾಕುವಂಥದ್ದು. ಎರಡೂ ಕೈ ಖಾಲಿಯಿರಬೇಕು. ಗುರುತಿನ ಚೀಟಿ, ಪಾಸು, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಮತ್ತು ಚಿಲ್ಲರೆ ಹಣ ಎದೆಯ ಜೇಬಿನಲ್ಲೋ ಸೊಂಟದ ಸಂಚಿಯಲ್ಲೋ ಇರಲಿ. ಎರಡು ದಿನದ ಹೆಚ್ಚುವರಿ ಮಾತ್ರೆ, ವೈದ್ಯರ ಚೀಟಿಯ ನಕಲು, ನೀರು, ಸಕ್ಕರೆ ಕಾಯಿಲೆಯವರಾದರೆ ಒಂದಿಷ್ಟು ಬೆಲ್ಲವೋ ಬಿಸ್ಕತ್ತೋ ಕೈಗೆ ಸಿಗುವಂತಿರಲಿ. ದಾರಿಯಲ್ಲಿ ಮೂತ್ರಕ್ಕೆ ತೊಂದರೆಯಾಗುತ್ತದೆಂದು ನೀರು ಕುಡಿಯದೆ, ರಕ್ತದೊತ್ತಡದ ಮಾತ್ರೆಯನ್ನೇ ಬಿಟ್ಟು ಹೊರಡುವ ಹಿರಿಯರು ಬಹಳ ಮಂದಿ. ನಮ್ಮ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಇದು ಅಪಾಯದ ಕೆಲಸ. ಮಾತ್ರೆಯ ಹೊತ್ತನ್ನು ಪ್ರಯಾಣದ ದಿನ ಹಿಂದೆ ಮುಂದೆ ಮಾಡಬಹುದೇ ಎಂದು ವೈದ್ಯರನ್ನೇ ಕೇಳಿ, ನೀವೇ ನಿರ್ಧರಿಸಬೇಡಿ.

5. ಹತ್ತುವುದು, ಕೂರುವುದು, ಇಳಿಯುವುದು

ಈ ಹಂತವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬೀಳುವುದು ಇಲ್ಲೇ. ಕೆಲವು ವರ್ಷಗಳ ಹಿಂದೆ ನನ್ನ ಅವ್ವ ಎರಡನೇ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದಾಗಲೇ ಬಸ್ಸು ಮುಂದಕ್ಕೆ ಜಗ್ಗಿತು. ಒಂದು ಕೈಯಲ್ಲಿ ಊಟದ ಬುತ್ತಿಯ ಚೀಲ; ಇನ್ನೊಂದು ಕೈ ಹಿಡಿದಿದ್ದುದು ಸರಳನ್ನಲ್ಲ, ತೆರೆದಿದ್ದ ಬಾಗಿಲಿನ ಅಂಚನ್ನು. ಹಿಂದಿದ್ದ ಹುಡುಗನೊಬ್ಬ ಬೆನ್ನಿಗೆ ಕೈಕೊಟ್ಟಿದ್ದರಿಂದ ಬೀಳಲಿಲ್ಲ, ಆದರೆ ಮೊಣಕಾಲ ಕೆಳಗೆ ಚರ್ಮ ಸುಲಿದು ರಕ್ತ ಬಂತು. ಆ ದಿನದ ನಂತರ ಕೆಳಗಿನ ಕ್ರಮವನ್ನು ನಮ್ಮ ಮನೆಯಲ್ಲಿ ಎಲ್ಲರೂ ಪಾಲಿಸುತ್ತೇವೆ.

ಮೊದಲು ಮಾತು, ಆಮೇಲೆ ಕಾಲು. ಬಾಗಿಲ ಬಳಿ ನಿಂತು ಕಂಡಕ್ಟರ್ ಮುಖ ನೋಡಿ, 'ಕಾಲು ನೋವೈತಿ, ನಾನು ಕುಂತ ಮೇಲೆ ರೈಟ್ ಹೇಳ್ರಿ' ಎಂದು ಗಟ್ಟಿಯಾಗಿ ಹೇಳಿ. ಸಂಕೋಚಪಟ್ಟು ಸುಮ್ಮನೆ ಹತ್ತಿದರೆ ನಿಮ್ಮ ನೋವು ಅವರಿಗೆ ಕಾಣಿಸುವುದಿಲ್ಲ. ಹೀಗೆ ಕೇಳಿದಾಗ ಬಹುತೇಕ ಕಂಡಕ್ಟರ್‌ಗಳು ಕಾಯುತ್ತಾರೆ, ಕೆಲವರು ಕೈ ಹಿಡಿದೂ ಹತ್ತಿಸುತ್ತಾರೆ; ಇದು ನಾನು ನೂರಾರು ಸಲ ಕಂಡದ್ದು.

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೇಲಕ್ಕೆ ಹೋಗುವಾಗ ಮೈಭಾರವನ್ನು ಎತ್ತಬೇಕಾದ್ದು ಮೇಲಿನ ಮೆಟ್ಟಿಲ ಕಾಲು, ಕೆಳಗಿಳಿಯುವಾಗ ಭಾರ ತಡೆಯಬೇಕಾದ್ದು ಹಿಂದೆ ಉಳಿದ ಕಾಲು. ಎರಡೂ ಸಲ ಆ ಕೆಲಸ ಗಟ್ಟಿ ಕಾಲಿನದೇ ಆಗಿರಬೇಕು. ಒಂದು ಮೆಟ್ಟಿಲ ಮೇಲೆ ಎರಡೂ ಕಾಲು ಜೋಡಿಸಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ನೋವಿನ ಕಡೆಯೇ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಬಸ್ಸಿನ ಮೆಟ್ಟಿಲಲ್ಲಿ ಮಾತ್ರ ಕೋಲನ್ನು ಜೊತೆಗಾರರಿಗೆ ಕೊಟ್ಟು, ಎರಡೂ ಕೈಗಳಿಂದ ಸರಳು ಹಿಡಿಯುವುದು ವಾಸಿ. ಬಾಗಿಲನ್ನಾಗಲಿ, ಸೀಟಿನ ಬಟ್ಟೆಯನ್ನಾಗಲಿ ಎಂದಿಗೂ ಹಿಡಿಯಬೇಡಿ.

ಜೊತೆಗಾರರು ನಿಲ್ಲಬೇಕಾದ ಜಾಗವೂ ಮುಖ್ಯ. ಹತ್ತುವಾಗ ಅವರು ಹಿಂದೆ, ಇಳಿಯುವಾಗ ಅವರು ಮೊದಲು ಇಳಿದು ಕೆಳಗೆ ನಿಂತಿರಬೇಕು, ಅಂದರೆ ಯಾವಾಗಲೂ ನೀವು ಬೀಳಬಹುದಾದ ದಿಕ್ಕಿನಲ್ಲಿ. ಮೇಲೆ ನಿಂತು ತೋಳು ಹಿಡಿದು ಎಳೆಯುವುದು ಬೇಡ; ಇಳಿವಯಸ್ಸಿನವರ ಭುಜದ ಕೀಲು ಅಷ್ಟರಲ್ಲೇ ಜರುಗಬಹುದು. ದೃಷ್ಟಿಹೀನರ ಕೈ ಹಿಡಿದು ತಳ್ಳಿಕೊಂಡು ಹೋಗದೆ, ಅವರೇ ನಿಮ್ಮ ಮೊಣಕೈ ಹಿಡಿಯುವಂತೆ ಮಾಡಿ, ಮೆಟ್ಟಿಲು ಎಷ್ಟಿವೆ ಎಂದು ಹೇಳಿ, ಅವರ ಒಂದು ಕೈಯನ್ನು ಸರಳಿನ ಮೇಲೆ ಇರಿಸಿ.

ಬಸ್ಸುಗಳಲ್ಲಿ ಹಿರಿಯ ನಾಗರಿಕರಿಗೆ, ವಿಕಲಚೇತನರಿಗೆ ಎಂದು ಕಿಟಕಿಯ ಮೇಲೆ ಬರೆದ ಸೀಟುಗಳಿರುತ್ತವೆ. ಅಲ್ಲಿ ಬೇರೆಯವರು ಕೂತಿದ್ದರೆ ನೀವೇ ಜಗಳಕ್ಕಿಳಿಯಬೇಡಿ; ಕಂಡಕ್ಟರ್‌ಗೆ ಹೇಳಿ, ಎಬ್ಬಿಸಿಕೊಡುವುದು ಅವರ ಕೆಲಸ. ಸೀಟು ಆರಿಸುವ ಅವಕಾಶವಿದ್ದರೆ ಎರಡು ಚಕ್ರಗಳ ನಡುವಿನ ಭಾಗದಲ್ಲಿ ಕೂರಿ. ಹಿಂದಿನ ಚಕ್ರದ ಮೇಲೆ ಮತ್ತು ಅದರಾಚೆ ಕೂತರೆ ರಸ್ತೆಯ ಉಬ್ಬು ಬಂದಾಗಲೆಲ್ಲ ಬೆನ್ನುಮೂಳೆಗೆ ಏಟು ಬೀಳುತ್ತದೆ. ಮೂಳೆ ಸವೆದವರಿಗೆ ಒಂದೇ ಜಿಗಿತ ಸಾಕು.

ಇಳಿಯುವ ಊರು ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಜೋಮು ಹಿಡಿದ ಕಾಲಿನಲ್ಲಿ ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಬಸ್ಸು ಪೂರ್ತಿ ನಿಂತ ಮೇಲೆಯೇ ಎದ್ದೇಳಿ. 'ಇಳಿಯೋರಿದ್ದಾರೆ' ಎಂದು ಕೂಗಿ ಹೇಳಿದರೆ ಬಸ್ಸು ನಿಲ್ಲುತ್ತದೆ. ಮೊದಲೇ ಬಾಗಿಲಿಗೆ ಬಂದು ನಿಲ್ಲುವ ಅಗತ್ಯವಿಲ್ಲ. ಮೆಟ್ಟಿಲು ತೀರಾ ಎತ್ತರವೆನಿಸಿದರೆ, ಮುಖವನ್ನು ಬಸ್ಸಿನ ಕಡೆಗೇ ಮಾಡಿ, ಏಣಿ ಇಳಿಯುವಂತೆ ಹಿಮ್ಮುಖವಾಗಿ ಇಳಿಯಿರಿ. ನೋಡುವವರಿಗೆ ಹೇಗೆ ಕಾಣುತ್ತದೆಂಬುದು ಲೆಕ್ಕಕ್ಕಿಲ್ಲ.

6. ಗಾಲಿಕುರ್ಚಿ ಇದ್ದರೆ

ನಮ್ಮ ಕಡೆಯ ಮೊಫಸಲ್ ಬಸ್ಸುಗಳಲ್ಲಿ, ಅಂದರೆ ಊರಿಂದೂರಿಗೆ ಹೋಗುವ ಬಸ್ಸುಗಳಲ್ಲಿ, ಗಾಲಿಕುರ್ಚಿಯಲ್ಲಿ ಕೂತಂತೆಯೇ ಒಳಗೆ ಹೋಗಲು ಆಗುವುದಿಲ್ಲ. ಕುರ್ಚಿಯನ್ನು ಮಡಚಿ ಡಿಕ್ಕಿಯಲ್ಲಿಟ್ಟು, ಪ್ರಯಾಣಿಕರನ್ನು ಇಬ್ಬರು ಎತ್ತಿ ಹತ್ತಿಸಬೇಕು. ಮಡಚುವ ಮೊದಲು ಕಾಲಿಡುವ ಪಟ್ಟಿ, ದಿಂಬು, ಬಿಚ್ಚಿ ಬರುವ ಸಣ್ಣ ಭಾಗಗಳನ್ನೆಲ್ಲ ತೆಗೆದು ಒಂದು ಚೀಲದಲ್ಲಿ ಹಾಕಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಡಿಕ್ಕಿಯಲ್ಲಿ ಅವು ಕಳೆದರೆ ಕುರ್ಚಿಯಿದ್ದೂ ಇಲ್ಲದಂತೆ. ಹೊರಡುವ ಅರ್ಧ ಗಂಟೆ ಮೊದಲೇ ನಿಲ್ದಾಣದ ಸಂಚಾರ ನಿಯಂತ್ರಕರ ಕೊಠಡಿಗೆ ಹೋಗಿ ವಿಷಯ ತಿಳಿಸಿದರೆ, ಆ ಬಸ್ಸಿನ ಸಿಬ್ಬಂದಿಗೆ ಅವರೇ ಹೇಳುತ್ತಾರೆ. ಇಷ್ಟೆಲ್ಲ ಆದರೂ ಇದು ಘನತೆಯ ಪ್ರಯಾಣವೆಂದು ನಾನು ಹೇಳಲಾರೆ. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ತಕ್ಕ ಸೌಕರ್ಯ ಒದಗಿಸಬೇಕೆಂದು 2016ರ ಅಧಿನಿಯಮದ 41ನೇ ಕಲಮು ಸ್ಪಷ್ಟವಾಗಿ ಹೇಳಿದೆ. ದೂರದ ಪ್ರಯಾಣವಾದರೆ ಗಾಲಿಕುರ್ಚಿಯವರಿಗೆ ರೈಲೇ ಮೇಲು.

7. ರೈಲು: ಬೇರೆ ಕಾರ್ಡು, ಬೇರೆ ಲೆಕ್ಕ

ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿದೆ. ಚಿತ್ರದುರ್ಗ ನಗರ ಇರುವುದು ಚಿಕ್ಕಜಾಜೂರು–ರಾಯದುರ್ಗ ಕವಲು ಮಾರ್ಗದಲ್ಲಿ. ಅಲ್ಲಿನವರು ಮುಖ್ಯ ಮಾರ್ಗದ ರೈಲಿಗೆ ಚಿಕ್ಕಜಾಜೂರಿಗೋ ದಾವಣಗೆರೆಗೋ ಬರಬೇಕು. ಚಿಕ್ಕಜಾಜೂರು ಹತ್ತಿರವೆಂಬುದು ನಿಜ, ಆದರೆ ನಡೆಯಲು ಕಷ್ಟವಿರುವವರಿಗೆ, ಆಟೋ, ಆಸ್ಪತ್ರೆ, ಜನಸಂಚಾರ ಎಲ್ಲವೂ ಇರುವ ದಾವಣಗೆರೆಯೇ ಸುರಕ್ಷಿತವೆಂಬುದು ನನ್ನ ಅಭಿಪ್ರಾಯ.

ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಉಳಿದಿರುವ ಸೌಲಭ್ಯ ಕೆಳಗಿನ ಬರ್ತ್‌ನದು. ಸ್ಲೀಪರ್ ಬೋಗಿಯಲ್ಲಿ 6ರಿಂದ 7, ಮೂರು ಹಂತದ ಎಸಿ ಬೋಗಿಯಲ್ಲಿ 4ರಿಂದ 5 ಕೆಳಗಿನ ಬರ್ತ್‌ಗಳನ್ನು 60 ದಾಟಿದ ಪುರುಷರು, 45 ದಾಟಿದ ಮಹಿಳೆಯರು ಮತ್ತು ಗರ್ಭಿಣಿಯರಿಗೆಂದು ತೆಗೆದಿರಿಸುತ್ತಾರೆ. ಹಾಗಿದ್ದೂ ಅಜ್ಜಿಗೆ ಮೇಲಿನ ಬರ್ತ್ ಬಂದದ್ದೇಕೆ? ಬಹುತೇಕ ಸಂದರ್ಭಗಳಲ್ಲಿ, ಮಗ, ಸೊಸೆ, ಮೊಮ್ಮಗನ ಜೊತೆ ಸೇರಿಸಿ ಒಂದೇ ಟಿಕೆಟ್ ಮಾಡಿಸಿದ್ದರಿಂದ. ಈ ಕೋಟಾ, ಅಂದರೆ ಮೀಸಲು ಪಾಲು, ಸಿಗುವುದು ಅರ್ಹರು ಒಬ್ಬರೇ ಅಥವಾ ಅರ್ಹರಾದ ಇಬ್ಬರು ಮಾತ್ರ ಒಂದು ಟಿಕೆಟಿನಲ್ಲಿದ್ದಾಗ. ಕಿರಿಯರೊಬ್ಬರು ಸೇರಿದರೂ, ಅರ್ಹರೇ ಮೂವರಾದರೂ ಗಣಕಯಂತ್ರ ಇದನ್ನು ಪರಿಗಣಿಸುವುದಿಲ್ಲ. ಆದ್ದರಿಂದ ಅಜ್ಜ ಅಜ್ಜಿಯ ಟಿಕೆಟನ್ನು ಪ್ರತ್ಯೇಕವಾಗಿ ಮಾಡಿಸಿ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ಆರಂಭವಾಗುತ್ತದೆ. ಮೊದಲಿನ ದಿನಗಳಲ್ಲೇ ಮಾಡಿಸಿದಷ್ಟೂ ಅವಕಾಶ ಹೆಚ್ಚು. ಆದರೂ ಮೇಲಿನ ಬರ್ತ್ ಬಂದರೆ ರೈಲಿನಲ್ಲಿ ಟಿಟಿಇ ಅವರನ್ನು, ಅಂದರೆ ಟಿಕೆಟ್ ಪರೀಕ್ಷಕರನ್ನು, ಕೇಳಿ. ಕೆಳಗಿನ ಬರ್ತ್ ಖಾಲಿಯಿದ್ದರೆ ಹಿರಿಯರಿಗೆ, ವಿಕಲಚೇತನರಿಗೆ ಕೊಡಲು ಅವರಿಗೆ ಅವಕಾಶವಿದೆ.

ವಿಕಲಚೇತನರಿಗೆ, ರೈಲ್ವೆಯವರ ಮಾತಿನಲ್ಲಿ ದಿವ್ಯಾಂಗರಿಗೆ, ದರ ರಿಯಾಯಿತಿ ಈಗಲೂ ಇದೆ. ಆದರೆ ಎಲ್ಲರಿಗೂ ಅಲ್ಲ. ಪೂರ್ಣ ದೃಷ್ಟಿಹೀನರು, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ದೈಹಿಕ ವಿಕಲಚೇತನರು, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಬೌದ್ಧಿಕ ವಿಕಲಚೇತನರು, ಕೇಳುವ ಮತ್ತು ಮಾತನಾಡುವ ಶಕ್ತಿ ಎರಡೂ ಪೂರ್ತಿ ಇಲ್ಲದವರು, ಈ ನಾಲ್ಕು ವರ್ಗಕ್ಕೆ ಮಾತ್ರ. ಮೊದಲ ಮೂರು ವರ್ಗದವರಿಗೆ ಸ್ಲೀಪರ್ ಮತ್ತು ಮೂರು ಹಂತದ ಎಸಿಯಲ್ಲಿ ಶೇ 75, ಕೊನೆಯ ವರ್ಗಕ್ಕೆ ಸ್ಲೀಪರಿನಲ್ಲಿ ಶೇ 50 ರಿಯಾಯಿತಿ, ಜೊತೆಗಾರರೊಬ್ಬರಿಗೂ ಅಷ್ಟೇ. ಶೇ 45 ವೈಕಲ್ಯದ ಹಳದಿ ಕಾರ್ಡಿದ್ದು, ಒಬ್ಬರೇ ಓಡಾಡಬಲ್ಲ ತರುಣನಿಗೆ ಇದು ಸಿಗುವುದಿಲ್ಲ. ಕೌಂಟರಿನಲ್ಲಿ ಇದನ್ನು ಕೇಳಿ ಬೇಸರದಿಂದ ಹಿಂದಿರುಗಿದವರು ಹಲವರಿದ್ದಾರೆ, ಅದಕ್ಕಾಗಿಯೇ ಮೊದಲೇ ಹೇಳುತ್ತಿದ್ದೇನೆ.

ಅರ್ಹರಾದವರು ಸರ್ಕಾರಿ ವೈದ್ಯರಿಂದ ರೈಲ್ವೆಯ ನಮೂನೆಯಲ್ಲೇ ರಿಯಾಯಿತಿ ಪ್ರಮಾಣಪತ್ರ ಪಡೆದು, ರೈಲ್ವೆಯ ದಿವ್ಯಾಂಗಜನ ಜಾಲತಾಣದಲ್ಲಿ ಅರ್ಜಿ ಹಾಕಿ, ಪ್ರತ್ಯೇಕ ಸಂಖ್ಯೆಯಿರುವ ಗುರುತಿನ ಚೀಟಿ ಪಡೆಯಬೇಕು. ನಮ್ಮ ಭಾಗ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಮೊಬೈಲಿನಲ್ಲಿ ರಿಯಾಯಿತಿ ಟಿಕೆಟ್ ಮಾಡಲು ಈ ಸಂಖ್ಯೆಯೇ ಬೇಕು. ಮೂಲ ಕಾರ್ಡು ಪ್ರಯಾಣದಲ್ಲಿ ಜೊತೆಗಿರಬೇಕು. ತತ್ಕಾಲ್ ಟಿಕೆಟಿಗೆ ಯಾವ ರಿಯಾಯಿತಿಯೂ ಇಲ್ಲ.

ಹೊರಡುವ ದಿನ 139ಕ್ಕೆ ಕರೆ ಮಾಡಿ ರೈಲಿನ ಸಮಯ ಖಚಿತಪಡಿಸಿಕೊಳ್ಳಿ. ನಿಲ್ದಾಣಕ್ಕೆ ಮುಕ್ಕಾಲು ಗಂಟೆ ಮೊದಲೇ ಬಂದು, ಗಾಲಿಕುರ್ಚಿ ಬೇಕಿದ್ದರೆ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಿ. ಕುರ್ಚಿಗೆ ಶುಲ್ಕವಿಲ್ಲ, ತಳ್ಳಲು ಕೂಲಿಯವರನ್ನು ಕರೆದರೆ ಅವರಿಗೆ ಹಣ ಕೊಡಬೇಕು. ಹಲವು ರೈಲುಗಳು ನಿಲ್ಲುವುದು ಎರಡು ಮೂರು ನಿಮಿಷ ಮಾತ್ರ, ಆದ್ದರಿಂದ ನಿಮ್ಮ ಬೋಗಿ ಬಂದು ನಿಲ್ಲುವ ಜಾಗದಲ್ಲೇ ಮೊದಲೇ ಕೂತಿರಬೇಕು. ಬೇರೆ ಬೋಗಿಗೆ ಹತ್ತಿ ಒಳಗಿಂದ ನಡೆದು ಹೋಗುತ್ತೇವೆಂಬ ಲೆಕ್ಕ ಹಿರಿಯರಿಗೆ ಒಗ್ಗುವುದಿಲ್ಲ. ಅನೇಕ ಎಕ್ಸ್‌ಪ್ರೆಸ್ ರೈಲುಗಳಲ್ಲಿ, ಕೊನೆಯ ಗಾರ್ಡ್ ಬೋಗಿಗೆ ಹೊಂದಿಕೊಂಡಂತೆ ದಿವ್ಯಾಂಗರಿಗೆಂದೇ ಅಗಲ ಬಾಗಿಲು, ದೊಡ್ಡ ಶೌಚಾಲಯವಿರುವ ಭಾಗವಿರುತ್ತದೆ. ಅದು ಯಾವ ತುದಿಗೆ ಬರುತ್ತದೆಂದು ವಿಚಾರಣೆಯಲ್ಲಿ ಕೇಳಿ.

8. ಸೌಲಭ್ಯ ನಿರಾಕರಿಸಿದರೆ

ಬಸ್ಸಿನಲ್ಲೇ ವಾದ ಬೆಳೆಸಬೇಡಿ. ಕೇಳಿದ ಹಣ ಕೊಟ್ಟು ಟಿಕೆಟ್ ಪಡೆಯಿರಿ, ಆ ಟಿಕೆಟನ್ನು ಎಸೆಯಬೇಡಿ. ಬಸ್ಸಿನ ಸಂಖ್ಯೆ, ದಿನಾಂಕ, ಹೊತ್ತು, ಹತ್ತಿದ ಮತ್ತು ಇಳಿದ ಊರು ಎಲ್ಲವನ್ನೂ ಅದರ ಹಿಂಬದಿಯಲ್ಲಿ ಅಲ್ಲೇ ಬರೆದುಕೊಳ್ಳಿ. ನಂತರ ಒಂದು ಪುಟ ಮೀರದ ಅರ್ಜಿಯನ್ನು ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರಿಗೆ, ಅಂದರೆ ಡಿಪೋ ಮ್ಯಾನೇಜರಿಗೆ, ಅಥವಾ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ರೈಲಿನ ದೂರಿಗೆ 139 ಅಥವಾ ರೈಲ್ ಮದದ್ ಆ್ಯಪ್ ಇದೆ. ವಿಕಲಚೇತನರ ಹಕ್ಕಿನ ಉಲ್ಲಂಘನೆಯೇ ಆಗಿದ್ದರೆ, ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೂ ದೂರು ಕಳಿಸಬಹುದು. ಹಿರಿಯರಿಗೆ ದಾರಿ ತೋಚದಿದ್ದಾಗ 14567 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿ.

ಅರ್ಜಿಯಲ್ಲಿ ಸಿಟ್ಟಿನ ಮಾತು ಬೇಡ, ನಡೆದದ್ದು ನಡೆದ ಕ್ರಮದಲ್ಲಿರಲಿ. ಟಿಕೆಟಿನ ಮತ್ತು ಕಾರ್ಡಿನ ನಕಲನ್ನು ಮಾತ್ರ ಲಗತ್ತಿಸಿ, ಮೂಲಪ್ರತಿ ನಿಮ್ಮಲ್ಲೇ ಉಳಿಯಲಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡ ಮೇಲೆಯೇ ಅಲ್ಲಿಂದ ಹೊರಡಿ.